ಕಡಲನ್ನ ಎಡಕ್ಕಿಟ್ಕೊಂಡು ಒಂದು ಪ್ರದಕ್ಷಿಣೆ

ಮೊದಲೇ ಹೇಳ್ಬಿಡ್ತೀನಿ, ಈ ಟ್ರಿಪ್ಪಲ್ಲಿ ನಾನು ಒಂದೇ ಒಂದು ಕಿಲೋಮೀಟ್ರೂ ಕಾರು ಓಡಿಸಿಲ್ಲ. ಇಂಡಿಯಾ ಲೈಸೆನ್ಸು ಇಲ್ಲಿ ಸ್ಕಾಟ್ಲೆಂಡಲ್ಲಿ ಒಂದು ವರ್ಷ ಅಷ್ಟೇ ನಡಿಯೋದು, ಆಮೇಲೆ ಇಲ್ಲಿನ ಟೆಸ್ಟೇ ಪಾಸ್ ಮಾಡ್ಬೇಕು. ಮೈಸೂರು-ಬೆಂಗ್ಳೂರು ರೋಡಲ್ಲಿ ಲಾರಿ ಬಸ್ಸುಗಳ ಮಧ್ಯೆ ಹತ್ತು ವರ್ಷ ನುಗ್ಗಿಸಿರೋ ನಾನು ಎರಡು ಸಲ ಫೇಲು, ಹೊಸನಗರ ಕಡೆಯ ನಮ್ಮಾಕೆ ಮೊದಲನೇ ಸಲಕ್ಕೇ ಪಾಸು. ಹಂಗಾಗಿ ಸ್ಟೇರಿಂಗು ಅವಳ್ದು. ಮ್ಯಾಪು, ಕೋಡುಬಳೆ ಡಬ್ಬ, ಮತ್ತೆ "ನಿಧಾನ ನಿಧಾನ" ಅಂತ ಹೇಳಿ ಬೈಸ್ಕೊಳ್ಳೋ ಕೆಲಸ ನಂದು.

ನಾವಿರೋದು ಎಡಿನ್‌ಬರಾದಲ್ಲಿ. ಮೂರು ವರ್ಷದಿಂದ ನಾರ್ತ್ ಕೋಸ್ಟ್ 500 ಹೋಗೋಣ ಹೋಗೋಣ ಅಂತ ಮಾತಾಡಿ ಮಾತಾಡಿ ಕೊನೆಗೆ ಈ ಜೂನ್ ಮೊದಲನೇ ವಾರ ಹೊರಟ್ವಿ. ಇನ್ವರ್ನೆಸ್ ಕೋಟೆ ಹತ್ರ ಶುರುವಾಗಿ ಸ್ಕಾಟ್ಲೆಂಡಿನ ತಲೆಗೆ ಪೇಟ ಸುತ್ತಿದ ಹಾಗೆ ಸುತ್ಕೊಂಡು ವಾಪಸ್ ಅಲ್ಲಿಗೇ ಬರೋ 516 ಮೈಲಿ ದಾರಿ ಇದು, ನಮ್ಮ ಲೆಕ್ಕದಲ್ಲಿ 830 ಕಿಲೋಮೀಟರ್. ರೋಡುಗಳೆಲ್ಲ ಹಳೇವೇ, 2015ರಲ್ಲಿ ಒಂದು ಹೆಸರು ಕೊಟ್ಟು ಟೂರಿಸ್ಟ್ ರೂಟ್ ಮಾಡಿದ್ರು, ಆಮೇಲಿಂದ ಕ್ಯಾಂಪರ್‌ವ್ಯಾನ್‌ಗಳ ಜಾತ್ರೆ. ಎಡಗಡೆಯಿಂದ ಹೋಗ್ಬೇಕಾ ಬಲಗಡೆಯಿಂದ ಹೋಗ್ಬೇಕಾ ಅಂತ ಜನ ಜಗಳಾಡ್ತಾರೆ, ನಮ್ಮನೇಲಿ ಆ ಜಗಳ ಅರ್ಧ ನಿಮಿಷಕ್ಕೆ ಮುಗೀತು. "ಅಪ್ರದಕ್ಷಿಣೆ ಯಾರಾದ್ರೂ ಹಾಕ್ತಾರಾ ಮಾರಾಯ್ರೆ?" ಅಂದ್ಲು. ಆಯ್ತು, ಪ್ರದಕ್ಷಿಣೆ. ಅದರರ್ಥ ಏನಂದ್ರೆ ಐದೂ ದಿನ ಸಮುದ್ರ, ಪ್ರಪಾತ ಎಲ್ಲ ಎಡಗಡೆ, ಅಂದ್ರೆ ನನ್ನ ಕಿಟಕಿ ಕಡೆ. ಇದು ನಂಗೆ ಹೊಳೆಯೋ ಹೊತ್ತಿಗೆ ತಡ ಆಗಿತ್ತು.

ಒಂದನೇ ದಿನ: ಇನ್ವರ್ನೆಸ್, ಆಪಲ್‌ಕ್ರಾಸ್

ಬೆಳಿಗ್ಗೆ ಆರಕ್ಕೆ ಎದ್ದು ಡಿಕ್ಕೀಲಿ ಸಣ್ಣ ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎರಡು ರೈನ್‌ಕೋಟು ತುಂಬಿ ಹೊರಟ್ವಿ. ಇನ್ವರ್ನೆಸ್‌ವರೆಗೆ ಹೇಳೋಂಥದ್ದೇನಿಲ್ಲ, ದಾರೀಲೆಲ್ಲ ಸರಾಸರಿ ಸ್ಪೀಡ್ ಲೆಕ್ಕ ಹಾಕೋ ಕ್ಯಾಮೆರಾಗಳು, ಅಷ್ಟೆ.

ಇನ್ವರ್ನೆಸ್‌ನಲ್ಲಿ ನಂದೊಂದು ಸಣ್ಣ ಆಸೆ ಇತ್ತು. ನಾನು ಹುಟ್ಟಿ ಬೆಳೆದಿದ್ದು ಶ್ರೀರಂಗಪಟ್ಟಣದಲ್ಲಿ. ರಂಗನಾಥಸ್ವಾಮಿ ದೇವಸ್ಥಾನದ ಹಿಂದೆ ಹೊಳೆ ಕಡೆಗೆ ಕರ್ನಲ್ ಬೇಲಿ ಡಂಜನ್ ಇದೆಯಲ್ಲ, ಟೂರಿಸ್ಟ್‌ಗಳು ಫೋಟೋ ಹೊಡೀತಾರೆ, ನಾವು ಕ್ರಿಕೆಟ್ ಬಾಲ್ ಬಿದ್ರೆ ಅದರೊಳಗೆ ಇಳಿದು ಎತ್ಕೊಂಡು ಬರ್ತಿದ್ವಿ. ಆ ಕರ್ನಲ್ ವಿಲಿಯಂ ಬೇಲಿ ಎಲ್ಲಿಯವನು ಅಂತ ಯಾರೂ ನಮಗೆ ಹೇಳಿರ್ಲಿಲ್ಲ. ಅವನು ಇನ್ವರ್ನೆಸ್ ಪಕ್ಕದ ಡುನೇನ್‌ನವನು! 1780ರ ಸೆಪ್ಟೆಂಬರ್ 10ಕ್ಕೆ ಕಾಂಚೀಪುರದ ಹತ್ರ ಪೊಲ್ಲಿಲೂರಲ್ಲಿ ಹೈದರಾಲಿ-ಟಿಪ್ಪು ಕೈಗೆ ಸಿಕ್ಕಿಬಿದ್ದು, ಎರಡು ವರ್ಷ ಸೆರೆಯಲ್ಲಿದ್ದು, 1782ರಲ್ಲಿ ನಮ್ಮೂರಲ್ಲೇ ಸತ್ತ. "ಇಲ್ಲೇ ಹತ್ತು ನಿಮಿಷ, ಡುನೇನ್ ಕಡೆ ಹೋಗಿ ಬರೋಣ" ಅಂದೆ. "ಸತ್ತು ಇನ್ನೂರು ಚಿಲ್ರೆ ವರ್ಷ ಆದೋರ ಮನೆ ಬಾಗಿಲು ತಟ್ಟೋಕೆ ನಾನ್ ಬರಲ್ಲ" ಅಂದ್ಲು. ಗಾಡಿ ಪಶ್ಚಿಮಕ್ಕೆ ತಿರುಗ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾಲಕ್ ನ ಬಾ ಅನ್ನೋ ಘಾಟಿ ಬುಡಕ್ಕೆ ಬಂದ್ವಿ. ಇಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿ ಹಂಗಂದ್ರೆ ದನಗಳ ಕಣಿವೆ ದಾರಿ, ಹಿಂದೆ ದನ ಹೊಡ್ಕೊಂಡು ಸಂತೆಗೆ ಹೋಗ್ತಿದ್ದ ದಾರಿ. ಬುಡದಲ್ಲಿ ದೊಡ್ಡ ಬೋರ್ಡು: ಚಳಿಗಾಲದಲ್ಲಿ ಹೋಗೋಕಾಗಲ್ಲ, ಐದಡಿಗೆ ಒಂದಡಿ ಏರು, ದೊಡ್ಡ ಗಾಡಿಗಳು ಬೇಡ, ಕಲಿಯೋ ಡ್ರೈವರ್‌ಗಳು ಬೇಡ. ಆ ಕೊನೇದನ್ನ ನಮ್ಮಾಕೆ ಜೋರಾಗಿ ಓದಿ ನನ್ನ ಮುಖ ನೋಡಿದ್ಲು.

ಮೊದಲ ಒಂದು ಮೈಲಿ ಚೆನ್ನಾಗಿತ್ತು. ಆಮೇಲೆ ಮೇಲಿಂದ ಮಂಜು ಇಳಿಯೋಕೆ ಶುರುವಾಯ್ತು, ಹಿರಿಯೂರು ಕಂಬಳಿ ಎಳೆದ ಹಾಗೆ, ಎದುರಿಗಿದ್ದ ಬೆಟ್ಟ ಹೋಯ್ತು, ಕೆಳಗಿದ್ದ ಕಣಿವೆ ಹೋಯ್ತು, ಆಮೇಲೆ ನಮ್ಮ ಬಾನೆಟ್ಟಿಂದ ಹತ್ತಡಿ ಆಚೆ ರೋಡೂ ಹೋಯ್ತು. ಅದು ಸಿಂಗಲ್ ಟ್ರ್ಯಾಕ್ ರೋಡು, ಒಂದು ಕಾರಿನಗಲ, ಅಲ್ಲಲ್ಲಿ ಒಂದು ಬೋರ್ಡ್ ನೆಟ್ಟು ಪಾಸಿಂಗ್ ಪ್ಲೇಸ್ ಅಂತ ಸ್ವಲ್ಪ ಹೊಟ್ಟೆ ಬಿಟ್ಟಿರ್ತಾರೆ, ಎದುರಿಂದ ಗಾಡಿ ಬಂದ್ರೆ ಯಾರಿಗೆ ಅದು ಹತ್ರವೋ ಅವರು ಸೇರ್ಕೋಬೇಕು. ನಮಗೆ ಎದುರಾಗಿದ್ದು ಒಂದು ಕ್ಯಾಂಪರ್‌ವ್ಯಾನು. ಅದರ ಡ್ರೈವರ್ರು ಪಾಪ ಬೆವರಿಳಿಸ್ತಾ ಎರಡೂ ಕೈ ಎತ್ತಿ "ನನ್ ಕೈಲಾಗಲ್ಲ" ಅನ್ನೋ ಥರ ಕೂತಿದ್ದ. ನಮ್ಮಾಕೆ ಏನೂ ಮಾತಾಡ್ಲಿಲ್ಲ, ಕಿಟಕಿ ಗ್ಲಾಸ್ ಇಳಿಸಿ ತಲೆ ಆಚೆ ಹಾಕಿ ಆ ಹಾವಿನ ತಿರುವಿನಲ್ಲಿ ಎಂಬತ್ತಡಿ ರಿವರ್ಸ್ ತಗೊಂಡ್ಲು. ನನ್ನ ಕಡೆ ಕಿಟಕೀಲಿ ಬರೀ ಬಿಳಿ, ಅದರ ಕೆಳಗೇನಿದೆ ಅಂತ ಗೊತ್ತಿಲ್ಲದೇ ಇದ್ದಿದ್ದೇ ಪುಣ್ಯ. "ಹುಲಿಕಲ್ ಘಾಟೀಲಿ ಜುಲೈ ತಿಂಗ್ಳಲ್ಲಿ ಅಪ್ಪಯ್ಯನ ಜೀಪು ಓಡಿಸಿದ್ದೀನಿ, ಇದೆಂತ" ಅಂದ್ಲು ಆಮೇಲೆ.

ತುದಿ 626 ಮೀಟರು. ಸ್ಕೈ ದ್ವೀಪ ಎದುರಿಗೇ ಕಾಣತ್ತೆ ಅಂತ ಎಲ್ಲರೂ ಹೇಳಿದ್ರು. ನಮಗೆ ಕಂಡಿದ್ದು ಒಂದು ಕುರಿ.

ಆಪಲ್‌ಕ್ರಾಸ್ ಊರು ಘಾಟಿ ಇಳಿದ ಮೇಲೆ, ಸಮುದ್ರದ ದಂಡೇಲಿ ಒಂದು ಸಾಲು ಬಿಳಿ ಮನೆ. 673ರಲ್ಲಿ ಮೇಲ್‌ರುಭಾ ಅನ್ನೋ ಸಂತ ಇಲ್ಲಿ ಮಠ ಕಟ್ಟಿದ್ನಂತೆ, ಸುತ್ತಮುತ್ತ ಜಾಗ ಪೂರ್ತಿ ಅಭಯ ಕೊಡೋ ನೆಲ, ಇಲ್ಲಿಗೆ ಓಡಿ ಬಂದೋರನ್ನ ಯಾರೂ ಮುಟ್ಟೋಹಾಗಿರ್ಲಿಲ್ಲ. 1970ರ ದಶಕದಲ್ಲಿ ಕರಾವಳಿ ರೋಡು ಆಗೋತನಕ ಈ ಘಾಟಿ ಒಂದೇ ಇವರಿಗೆ ಕಾರಿನ ದಾರಿ, ಹಿಮ ಬಿದ್ರೆ ಊರು ಬಂದ್. ರಾತ್ರಿ ರೂಮಲ್ಲಿ ಕುಕ್ಕರ್ ಕೂಗದ ಹಾಗೆ ಅನ್ನ ಮಾಡ್ಕೊಂಡು ಪುಳಿಯೋಗರೆ ತಿಂದ್ವಿ. ಹತ್ತೂವರೆ ಆದ್ರೂ ಆಚೆ ಬೆಳಕು.

ಎರಡನೇ ದಿನ: ಟಾರಿಡನ್, ಉಲ್ಲಾಪುಲ್

ಟಾರಿಡನ್ ಬೆಟ್ಟಗಳ ಬಗ್ಗೆ ಪುಟಗಟ್ಟಲೆ ಬರೀಬೋದಂತೆ, ನಾನು ನೋಡಿದ್ದು ಅವುಗಳ ಮೊಣಕಾಲುವರೆಗೆ ಮಾತ್ರ, ಮೇಲೆಲ್ಲ ಮೋಡ. ಮುಂದಕ್ಕೆ ಹೋಗೋಣ.

ಗ್ರೂನಾರ್ಡ್ ಕೊಲ್ಲಿ ಹತ್ರ ಸ್ವಲ್ಪ ಬಿಸಿಲು ಬಂತು, ಗಾಡಿ ನಿಲ್ಸಿ ಫ್ಲಾಸ್ಕಿನ ಕಾಫಿ ಕುಡೀತಿದ್ವಿ. ಎದುರಿಗೆ ಹಸಿರಾಗಿ ಮುದ್ದಾಗಿರೋ ಒಂದು ದ್ವೀಪ. "ಅಲ್ಲೊಂದು ಮನೆ ತಗೊಂಡು ಇದ್ಬಿಡೋಣ" ಅಂದ್ಲು. ನಾನು ಫೋನಲ್ಲಿ ನೋಡಿ ಹೇಳ್ದೆ, ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಲ್ಲಿ, ಆ ದ್ವೀಪದಲ್ಲಿ ಕುರಿಗಳನ್ನ ಕಟ್ಟಿ ಆಂಥ್ರಾಕ್ಸ್ ಬಾಂಬ್ ಹಾಕಿ ಟೆಸ್ಟ್ ಮಾಡಿದ್ರು, ನಮ್ಮ ಕಡೆ ನೆರಡಿ ರೋಗ ಅಂತೀವಲ್ಲ ಅದೇ, ಮಣ್ಣಿಂದ ಅದು ಹೋಗ್ಲೇ ಇಲ್ಲ, ಕಾಲಿಡಬಾರದು ಅಂತ ಬೋರ್ಡು ನಿಲ್ಸಿದ್ರು, 1990ರಲ್ಲಿ ಸೇಫ್ ಅಂತ ಹೇಳೋವರೆಗೂ. ಕಾಫಿ ಬೇಗ ಮುಗೀತು.

ಅಲ್ಲಿಂದ ಮುಂದಿನ ರೋಡಿನ ಹೆಸರೇ ಡೆಸ್ಟಿಟ್ಯೂಷನ್ ರೋಡ್, ಗತಿಗೆಟ್ಟೋರ ರಸ್ತೆ ಅಂತಿಟ್ಕೊಳ್ಳಿ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಈ ಬೆಟ್ಟಸೀಮೆ ಹೈಲ್ಯಾಂಡ್ಸ್‌ನಲ್ಲೂ ಬರಗಾಲ ಆಯ್ತಲ್ಲ, ಆಗ ಜನರಿಗೆ ಸುಮ್ನೆ ಹಿಟ್ಟು ಕೊಟ್ರೆ ಸೋಮಾರಿಗಳಾಗ್ತಾರೆ ಅಂತ ಹೇಳಿ ಕಲ್ಲು ಹೊರಿಸಿ ರೋಡ್ ಮಾಡಿಸಿ ಕೂಲಿಗೆ ಹಿಟ್ಟು ಅಳೆದು ಕೊಟ್ರು. ನಮ್ಮ ಕೂಲಿಗಾಗಿ ಕಾಳು ಇದ್ದಹಾಗೇ. ಸುತ್ತ ಒಂದು ಮರ ಇಲ್ಲ, ಮನೆ ಇಲ್ಲ, ಜವುಗು ನೆಲ, ಅದರ ಮೇಲೆ ಮಳೆ. ಹೊಟ್ಟೆ ಖಾಲಿ ಇಟ್ಕೊಂಡು ಇಲ್ಲಿ ಕಲ್ಲು ಹೊಡೆದಿದ್ದಾರೆ ಅಂದ್ರೆ ನಂಬೋಕೆ ಕಷ್ಟ, ನಾವು ಹೀಟರ್ ಎರಡರಲ್ಲಿಟ್ಕೊಂಡು ಹೋಗ್ತಿದ್ವಿ.

ಉಲ್ಲಾಪುಲ್ ಚಂದದ ಊರು. 1788ರಲ್ಲಿ ಹೆರಿಂಗ್ ಮೀನು ಹಿಡಿಯೋಕೆ ಅಂತಾನೇ ಗೆರೆ ಎಳೆದು ಕಟ್ಟಿದ್ದು. ಸಂಜೆ ಸ್ಟೋರ್ನೊವೇಗೆ ಹೋಗೋ ಹಡಗು ಬಂದಿತ್ತು, ಹೊಟ್ಟೆ ತೆಗೆದು ಒಂದೊಂದೇ ಲಾರಿ ನುಂಗ್ತಿತ್ತು. ಸ್ಟೋರ್ನೊವೇ ಅಂದ್ರೆ ಕಾಲಿನ್ ಮೆಕೆಂಜಿ ಊರು. ಟಿಪ್ಪು ಹೋದಮೇಲೆ ಮೈಸೂರು ಸೀಮೆ ಪೂರ್ತಿ ಸರ್ವೆ ಮಾಡಿಸಿ, ಜತೆಗೆ ಶಾಸನ, ಕೈಫಿಯತ್ತು, ತಾಳೆಗರಿ ಸಿಕ್ಕಿದ್ದೆಲ್ಲ ಗುಡ್ಡೆ ಹಾಕಿದ ಮನುಷ್ಯ. 1816ರಲ್ಲಿ ಬರೆಸಿಕೊಂಡ ಅವನ ಚಿತ್ರದಲ್ಲಿ ಹಿಂದುಗಡೆ ಕಾರ್ಕಳದ ಗೊಮ್ಮಟ ನಿಂತಿದ್ದಾನೆ. ಈ ಮಳೆ ಊರಿಂದ ಹೊರಟೋನು ಕಾರ್ಕಳದ ಬಂಡೆ ಹತ್ತಿ ನಿಂತಾಗ ಏನಂದ್ಕೊಂಡಿದ್ನೋ. ನಮ್ಮಾಕೆಗೆ ಹೇಳಿದ್ರೆ "ರೀ, ನೀವು ರಜಾದಲ್ಲಿ ಬಂದಿದ್ದೀರೋ ಪಿಎಚ್‌ಡಿಗೋ?" ಅಂದ್ಲು.

ರಾತ್ರಿ ಹ್ಯಾಗಿಸ್ ತಿಂದೆ. ಕುರಿ ಹೃದಯ, ಲಿವರ್ರು, ಶ್ವಾಸಕೋಶ ಎಲ್ಲ ಕೊಚ್ಚಿ ಓಟ್ಸು, ಮೆಣಸು ಹಾಕಿ ಬೇಯಿಸಿರೋದು. ಇಲ್ಲಿಗೆ ಬರೋ ನಮ್ಮೋರು ಮುಖ ಸಿಂಡರಿಸ್ತಾರೆ, ಮಂಡ್ಯ ಜಿಲ್ಲೆಯವನಾಗಿ ನಾನು ಹೇಳ್ತೀನಿ, ಬೋಟಿ ಗೊಜ್ಜು ತಿನ್ನೋನಿಗೆ ಇದು ಸಪ್ಪೆ, ಆದ್ರೆ ನಮ್ಮದೇ ಜಾತಿ. ಮುದ್ದೆ ಇದ್ದಿದ್ರೆ ಎತ್ತಿಬಿಡ್ತಿತ್ತು.

ಮೂರನೇ ದಿನ: ಪಂಕ್ಚರ್

ಬೆಳಿಗ್ಗೆ ನಾಕನ್ ಕ್ರ್ಯಾಗ್ ನೋಡಿದ್ವಿ, ಹಳೇ ಬಂಡೆ ಜಾರಿ ಬಂದು ಹೊಸ ಬಂಡೆ ಮೇಲೆ ಕೂತಿರೋ ಜಾಗ, ಇದು ಹೇಗಾಯ್ತು ಅಂತ ಭೂವಿಜ್ಞಾನಿಗಳು ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಆರ್ಡ್‌ವ್ರೆಕ್ ಕೋಟೆ ಮುರಿದ ಹಲ್ಲಿನ ಥರ ಕೆರೆಯೊಳಕ್ಕೆ ಚಾಚಿರೋ ನೆಲದ ಮೇಲೆ ನಿಂತಿತ್ತು. ಕೈಲ್‌ಸ್ಕೂ ಸೇತುವೆ ಬಿಲ್ಲಿನ ಹಾಗೆ ಬಾಗಿದೆ, 1984ರಲ್ಲಿ ಅದು ಆಗೋವರೆಗೂ ದೋಣೀಲಿ ಕಾರು ದಾಟಿಸ್ತಿದ್ರು. ಎಲ್ಲ ಸರಿಯಾಗೇ ಹೋಗ್ತಿತ್ತು.

ಲ್ಯಾಕ್ಸ್‌ಫರ್ಡ್ ಬ್ರಿಡ್ಜ್ ದಾಟಿ ಒಂದೈದು ಮೈಲಿ ಬಂದಿರ್ಬೋದು, ಎದುರಿಂದ ಮೋಟರ್‌ಬೈಕುಗಳ ಸಾಲು ಬಂತು ಅಂತ ಇವಳು ಎಡಕ್ಕೆ ಸರಿದ್ಲು, ರೋಡಿನಂಚಲ್ಲಿ ಡಾಂಬರು ಕಿತ್ತು ಕತ್ತಿ ಥರ ನಿಂತಿತ್ತು, ಟಪ್ ಅಂತು. ಎಡಗಡೆ ಮುಂದಿನ ಟೈರು, ಪಕ್ಕದ ಗೋಡೆಯಲ್ಲೇ ಹೆಬ್ಬೆರಳು ಹೋಗೋವಷ್ಟು ಸೀಳು. ಡಿಕ್ಕಿ ಎತ್ತಿದ್ರೆ ಸ್ಟೆಪ್ನಿ ಇಲ್ಲ! ಈಗಿನ ಕಾರುಗಳಲ್ಲಿ ತೂಕ ಕಮ್ಮಿ ಮಾಡೋಕೆ ಸ್ಟೆಪ್ನಿ ಬದಲು ಒಂದು ಬಾಟ್ಲಿ ಅಂಟು, ಒಂದು ಪಂಪು ಕೊಟ್ಟಿರ್ತಾರೆ, ಮೊಳೆ ಚುಚ್ಚಿದ ತೂತಿಗೆ ಅದು ಸರಿ, ಸೀಳಿಗೆ ಏನೂ ಉಪಯೋಗ ಇಲ್ಲ, ಆದ್ರೂ ಗಂಡಸ್ತನಕ್ಕೆ ಅಂತ ನಾನು ಪೂರ್ತಿ ಬಾಟ್ಲಿ ಹೊಡೆದೆ, ಅದು ಆ ಕಡೆಯಿಂದ ಮೊಸರಿನ ಹಾಗೆ ಆಚೆ ಬಂದು ನನ್ನ ಶೂ ಮೇಲೆ ಬಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಗಾಳಿ ಬೇರೆ ನಿಂತೋಯ್ತು. ಗಾಳಿ ನಿಂತ್ರೆ ಇಲ್ಲಿ ಮಿಡ್ಜ್ ಏಳ್ತವೆ, ನೊರಜಿನಷ್ಟು ಸಣ್ಣ ಹುಳ, ಒಂದಲ್ಲ ಎರಡಲ್ಲ ಹೊಗೆ ಥರ ಬಂದು ಕೂದಲ ಬುಡದಲ್ಲಿ ಕಚ್ಚೋದು.

ಇಪ್ಪತ್ತು ನಿಮಿಷ ಆದ್ಮೇಲೆ ಒಂದು ಪಿಕಪ್ ನಿಂತ್ಕೊಳ್ತು. ವಯಸ್ಸಾದ ಅಜ್ಜ, ಪಕ್ಕದ ಸೀಟಲ್ಲಿ ಕುರಿ ಕಾಯೋ ನಾಯಿ. ಟೈರನ್ನ ಒಂದ್ಸಲ ನೋಡಿ ಸತ್ತೋರ ಮನೇಲಿ ತಲೆ ಆಡ್ಸೋ ಹಾಗೆ ಆಡ್ಸಿದ್ರು. ನಮ್ಮಾಕೆನ ಗಾಡೀಲಿ ಬಿಟ್ಟು ನಾನು ನಾಯಿ ಪಕ್ಕ ಕೂತ್ಕೊಂಡು ಮುಂದಿನ ಊರಿಗೆ ಹೋದೆ, ಅವರ ಮನೆ ಫೋನಿಂದ ಗ್ಯಾರೇಜಿಗೆ ಮಾತಾಡಿ, ಆ ಗ್ಯಾರೇಜಿನವನು ಇನ್ನೆಲ್ಲೋ ಹೋಗಿ ನಮ್ಮ ಸೈಜಿನ ಟೈರು ಹುಡುಕಿ ತರೋ ಹೊತ್ತಿಗೆ ನಾಲ್ಕು ಗಂಟೆ. ಅಜ್ಜ ಅಷ್ಟೊತ್ತೂ ಟೀ ಕೊಟ್ಕೊಂಡು ಕೂತಿದ್ರು. ದುಡ್ಡು ಕೊಡೋಕೆ ಹೋದ್ರೆ ಬೈದ್ರು.

ವಾಪಸ್ ಬಂದ್ರೆ ಇವಳು ರೋಡ್ ಪಕ್ಕದ ಬಂಡೆ ಮೇಲೆ ತಲೆಗೆ ದುಪಟ್ಟಾ ಸುತ್ಕೊಂಡು ಕೂತು ಪುಳಿಯೋಗರೆ ಪೂರ್ತಿ ಖಾಲಿ ಮಾಡಿದ್ಲು. ಸಿಟ್ಟು ಬಂತು, ಆದ್ರೆ ಆ ಬಂಡೆ ನೋಡಿ ಮರ್ತೆ. ಬೂದು ಬಣ್ಣ, ಅದರಲ್ಲಿ ಕಪ್ಪು ಬಿಳಿ ಪಟ್ಟೆ ಪಟ್ಟೆ, ಮಧ್ಯೆ ಒಂದು ನಸುಗೆಂಪು ಗೆರೆ ಸೊಟ್ಟಗೆ ಓಡಿದೆ, ಮಳೆ ನೀರು ನಿಂತು ಹೊಳೀತಿತ್ತು. ಇದು ಲೂಯಿಸಿಯನ್ ನೈಸ್ ಅನ್ನೋ ಜಾತಿಯ ಶಿಲೆ, ಸುಮಾರು 300 ಕೋಟಿ ವರ್ಷದ್ದು. ಲಾಲ್‌ಬಾಗಲ್ಲಿ ಕೆಂಪೇಗೌಡ ಗೋಪುರ ಇರೋ ಬಂಡೆ ಇದೆಯಲ್ಲ, ಅದೂ ನೈಸೇ, ಅದಕ್ಕೂ ಹತ್ರಹತ್ರ ಅಷ್ಟೇ ವಯಸ್ಸು. ಕೈಯಿಟ್ಟು ನೋಡಿದೆ, ಅದೇ ಒರಟು. ನಾವಿಬ್ರೂ ಮದುವೆಗೆ ಮುಂಚೆ ಮೊದಲನೇ ಸಲ ಕೂತು ಮಾತಾಡಿದ್ದು ಲಾಲ್‌ಬಾಗ್ ಬಂಡೆ ಮೇಲೆ. ಇದನ್ನ ಹೇಳಿದ್ರೆ "ಅವತ್ತೂ ನೀವು ಲೇಟು" ಅಂದ್ಲು.

ಡರ್ನೆಸ್ ತಲುಪಿದಾಗ ರಾತ್ರಿ ಒಂಬತ್ತೂವರೆ, ಹಗಲಿನ ಹಾಗೇ ಬೆಳಕು.

ನಾಲ್ಕನೇ ದಿನ: ಡರ್ನೆಸ್, ಬೆಟ್ಟಿಹಿಲ್, ಡನೆಟ್ ಹೆಡ್

ಸ್ಮೂ ಗುಹೆ ಒಳಗೆ ಜಲಪಾತ ಬೀಳತ್ತೆ, ಮಳೆ ಜಾಸ್ತಿ ಆಗಿದ್ರಿಂದ ಆ ಸದ್ದಲ್ಲಿ ಮಾತು ಕೇಳ್ತಿರ್ಲಿಲ್ಲ. ಬೀಟಲ್ಸ್‌ನ ಜಾನ್ ಲೆನ್ನನ್ ಚಿಕ್ಕವನಿದ್ದಾಗ ರಜಕ್ಕೆ ಈ ಊರಿಗೇ ಬರ್ತಿದ್ದಿದ್ದು, ಅವನ ಹೆಸರಲ್ಲೊಂದು ಸಣ್ಣ ತೋಟ ಮಾಡಿದ್ದಾರೆ.

ಬೆಟ್ಟಿಹಿಲ್‌ನಲ್ಲಿ ನಿಲ್ಸೋ ಪ್ಲ್ಯಾನ್ ಇರ್ಲಿಲ್ಲ, ಬಾತ್‌ರೂಮಿಗೆ ಅಂತ ನಿಲ್ಸಿದ್ದು, ಹಳೇ ಚರ್ಚಲ್ಲಿ ಮ್ಯೂಸಿಯಂ ಇತ್ತು, ಒಳಗೆ ಹೋದ್ವಿ. ಸ್ಟ್ರಾತ್‌ನೇವರ್ ಅನ್ನೋ ಕಣಿವೆಯ ಕಥೆ. 1814ರಲ್ಲಿ, ಆಮೇಲೆ 1819ರಲ್ಲಿ, ಸದರ್ಲೆಂಡ್ ಜಮೀನ್ದಾರಿಯವರು ಆ ಕಣಿವೆಯ ಊರುಗಳನ್ನ ಖಾಲಿ ಮಾಡಿಸಿದ್ರು. ಯಾಕಂದ್ರೆ ಜನರ ಗೇಣಿಗಿಂತ ಕುರಿಯಲ್ಲಿ ಲಾಭ ಜಾಸ್ತಿ. ಮತ್ತೆ ವಾಪಸ್ ಬಂದು ಸೇರ್ಕೋಬಾರ್ದು ಅಂತ ಮನೆಗಳ ಮಾಡಿಗೆ ಬೆಂಕಿ ಹಚ್ಚಿದ್ರು, ಇಲ್ಲಿ ಮರ ಅಪರೂಪ, ಆ ತೊಲೆಗಳೇ ಅವರ ಆಸ್ತಿ. ತಲೆತಲಾಂತರದಿಂದ ಹೊಲ ಉಳ್ತಿದ್ದೋರನ್ನ ಈ ಕಲ್ಲು ದಂಡೆಗೆ ತಂದು ಹಾಕಿ ಮೀನು ಹಿಡೀರಿ ಅಂದ್ರು. ಊರಿನ ಹೆಸರು ಬೆಟ್ಟಿಹಿಲ್, ಖಾಲಿ ಮಾಡಿಸಿದ ಸದರ್ಲೆಂಡ್ ಕೌಂಟೆಸ್ ಎಲಿಜಬೆತ್‌ದೇ ಹೆಸರು.

ನಾನು ಮುಂದಿನ ರೂಮಿಗೆ ಹೋಗಿ ನೋಡಿದ್ರೆ ಇವಳು ಇನ್ನೂ ಅಲ್ಲೇ ನಿಂತಿದ್ಲು. ಇವಳ ಅಜ್ಜಿ ಮನೆಯವರು ಮುಳುಗಡೆಯವರು, ಲಿಂಗನಮಕ್ಕಿ ಡ್ಯಾಮಲ್ಲಿ ಊರು ಹೋಯ್ತು. ಬೇಸಿಗೇಲಿ ನೀರಿಳಿದಾಗ ಅಜ್ಜಿ ಕರ್ಕೊಂಡು ಹೋಗಿ ತುಳಸಿಕಟ್ಟೆ ಇದ್ದ ಜಾಗ ತೋರಿಸಿದ್ರಂತೆ. "ಇವರಿಗೆ ಬೆಂಕಿ, ನಮಗೆ ನೀರು" ಅಂದ್ಲು, ಅಷ್ಟೇ. ಆಚೆ ಬಂದು ಗೋಡೆ ಪಕ್ಕದ ಹಳೇ ಶಿಲುಬೆ ಕಲ್ಲನ್ನ, ನಮ್ಮ ವೀರಗಲ್ಲಿನಷ್ಟು ಎತ್ತರ ಇದೆ, ಸುಮಾರು ಹೊತ್ತು ನೋಡಿದ್ಲು. ಆಮೇಲೆ ಥರ್ಸೋವರೆಗೂ ಮಾತಿಲ್ಲ. ದಾರಿಯುದ್ದಕ್ಕೂ ರೋಡಲ್ಲಿ ಕುರಿಗಳು ಮಲಗಿರ್ತಿದ್ವು, ಮೂರು ದಿನದಿಂದ ಅವನ್ನ ನೋಡಿ ನಗ್ತಾ ಫೋಟೋ ತೆಗೀತಿದ್ವಿ, ಅವತ್ತು ಹಾರ್ನ್ ಹೊಡೆದ್ಲು.

ಬ್ರಿಟನ್ ಮುಖ್ಯ ನೆಲದ ಉತ್ತರದ ತುದಿ ಡನೆಟ್ ಹೆಡ್. ಜನ ಜಾನ್ ಓ ಗ್ರೋಟ್ಸ್ ಅಂದ್ಕೊಂಡಿರ್ತಾರೆ, ಅಲ್ಲ. 1831ರ ಲೈಟ್‌ಹೌಸ್ ಇದೆ, ಪಫಿನ್ ಹಕ್ಕಿಗಳಿವೆ, ಎದುರಿಗೆ ಓರ್ಕ್ನಿ ದ್ವೀಪಗಳು. ಇಷ್ಟನ್ನೂ ನಾನು ಬೋರ್ಡಲ್ಲಿ ಓದಿ ಹೇಳ್ತಿರೋದು. ಪೂರ್ವದ ಕಡೆ ಸಮುದ್ರದಿಂದ ಬರೋ ಮಂಜಿಗೆ ಇಲ್ಲಿ ಹಾರ್ ಅಂತಾರೆ, ಬೆಚ್ಚಗಿನ ಗಾಳಿ ತಣ್ಣನೆ ಕಡಲ ಮೇಲೆ ಹಾದು ಬಂದಾಗ ಆಗೋದು, ಬೆಟ್ಟದ ಮಂಜಿನ ಹಾಗೆ ಮೇಲಿಂದ ಇಳಿಯಲ್ಲ, ನೀರಿಂದ ಎದ್ದು ನಡ್ಕೊಂಡು ಬರತ್ತೆ. ಕಾಂಪೌಂಡ್ ಗೋಡೆ ಹಿಡ್ಕೊಂಡು ನಿಂತ್ವಿ. ಕೆಳಗೆ ನೂರಾರು ಹಕ್ಕಿಗಳು ಕಿರುಚೋದು, ಅವುಗಳ ಹಿಕ್ಕೆ ವಾಸನೆ, ಅಲೆ ಬಂಡೆಗೆ ಬಡಿಯೋ ಸದ್ದು. ಕಣ್ಣಿಗೆ ಮಾತ್ರ ಏನೂ ಇಲ್ಲ, ಬಿಳೀ ಹಾಳೆ. ಕಾಲು ಗಂಟೆ ಅದನ್ನೇ ನೋಡಿದ್ವಿ. ವಿಚಿತ್ರ ಅಂದ್ರೆ ಬೇಜಾರಾಗ್ಲಿಲ್ಲ.

ಐದನೇ ದಿನ: ಬೇಲಿ ಮತ್ತು ಮನ್ರೋ

ಬೆಳಿಗ್ಗೆ ಡಂಕನ್ಸ್‌ಬಿಯಲ್ಲಿ ಐದು ನಿಮಿಷ ಮಂಜು ಹರೀತು, ಸಮುದ್ರದೊಳಗೆ ಮಂತ್ರವಾದಿ ಟೋಪಿ ಥರದ ಎರಡು ಬಂಡೆ ಕಂಡ್ವು, ಫೋನ್ ತೆಗೆಯೋಷ್ಟರಲ್ಲಿ ಹೋದ್ವು. ಅಲ್ಲಿಂದ ದಕ್ಷಿಣಕ್ಕೆ ಇಳೀತಾ ಇಳೀತಾ ಇನ್ವರ್ನೆಸ್‌ಗೆ ಇನ್ನು 25 ಮೈಲಿ ಅನ್ನೋವಾಗ ನಾನು ಇನ್ನೊಂದು ಅರ್ಜಿ ಹಾಕಿದೆ. ಆಲ್ನೆಸ್ ಹತ್ರ ಫೈರಿಶ್ ಅಂತ ಗುಡ್ಡ ಇದೆ, 450 ಮೀಟರು, ಒಂದು ಗಂಟೆ ಹತ್ತೋದು, ತುದೀಲಿ ಇಂಡಿಯಾದ ಬಾಗಿಲು ಇದೆ ಅಂದೆ. ಐದು ದಿನ ಡ್ರೈವ್ ಮಾಡಿದ್ದು ಅವಳು, ಬೇಡ ಅಂದಿದ್ರೆ ನಾನು ಮಾತಾಡೋಹಾಗಿರ್ಲಿಲ್ಲ. "ಡುನೇನ್ ತಪ್ಪಿಸಿದ್ನಲ್ಲ, ಹೋಗ್ಲಿ ಬನ್ನಿ" ಅಂದ್ಲು.

ಪೈನ್ ಮರಗಳ ಮಧ್ಯೆ ಕೆಸರು ದಾರಿ. ಮರ ಮುಗಿದ್ಮೇಲೆ ಮತ್ತೆ ಹಾರ್. ಏನೂ ಕಾಣ್ದೇ ಹತ್ತಿ ಹತ್ತಿ ಮೊದಲು ಸಿಕ್ಕಿದ್ದು ಗೋಡೆ, ಅಕ್ಷರಶಃ ಕೈಗೇ ಸಿಕ್ತು, ತಲೆ ಎತ್ತಿದ್ರೆ ಕಮಾನು, ಅದರ ಪಕ್ಕ ಇನ್ನೊಂದು. ಕಾಡುಗಲ್ಲು ಸುಣ್ಣ ಅಷ್ಟೆ, ಒಂದು ಕೆತ್ತನೆ ಇಲ್ಲ, ಪಾಚಿ ಹತ್ತಿದೆ. ನಾಗಪಟ್ಟಣಂ ಕೋಟೆಯ ಬಾಗಿಲಿನ ನಕಲು ಇದು. ಸರ್ ಹೆಕ್ಟರ್ ಮನ್ರೋ 1781ರಲ್ಲಿ ಡಚ್ಚರಿಂದ ನಾಗಪಟ್ಟಣಂ ಗೆದ್ದ, ಊರಿಗೆ ಬಂದು ಮರುವರ್ಷದಿಂದ ಈ ಬೆಟ್ಟದ ಮೇಲೆ ಕಟ್ಟಿಸಿದ. ಮದ್ರಾಸಿನ ಥಾಮಸ್ ಮನ್ರೋ ಬೇರೆ, ಇವನು ಬೇರೆ. ಇಲ್ಲೂ ಅದೇ ಕೂಲಿ ಕಥೆ, ಕೆಲಸ ಇಲ್ದಿರೋ ಜನಕ್ಕೆ ಕೂಲಿ ಸಿಗ್ಲಿ ಅಂತ ಕಟ್ಟಿಸಿದ್ದು, ಹೊತ್ತು ತಂದ ಕಲ್ಲನ್ನ ಅವನೇ ಕೆಳಕ್ಕೆ ಉರುಳಿಸಿ ಮತ್ತೆ ಹೊರಿಸಿ ಇನ್ನೊಂದು ಕೂಲಿ ಕೊಡ್ತಿದ್ದ ಅಂತ ಹೇಳ್ತಾರೆ.

ನಂಗೆ ಬೇಕಾಗಿದ್ದು ಅದಲ್ಲ. ಪೊಲ್ಲಿಲೂರಲ್ಲಿ ಬೇಲಿ ಸಿಕ್ಕಿಬಿದ್ದಾಗ ಕೆಲವೇ ಮೈಲಿ ದೂರದ ಕಾಂಚೀಪುರದಲ್ಲಿ ದೊಡ್ಡ ಸೈನ್ಯ ಇಟ್ಕೊಂಡು ಕೂತಿದ್ದೋನು ಇದೇ ಮನ್ರೋ. ಹೊತ್ತಿಗೆ ಸರಿಯಾಗಿ ಹೋಗ್ಲಿಲ್ಲ. ಬೇಲಿ ಕಥೆ ಮುಗೀತು ಅಂತ ಗೊತ್ತಾದ್ಮೇಲೆ ದೊಡ್ಡ ಫಿರಂಗಿಗಳನ್ನ ದೇವಸ್ಥಾನದ ಕಲ್ಯಾಣಿಗೆ ತಳ್ಳಿ ಮದ್ರಾಸಿಗೆ ವಾಪಸ್ ಹೋದ. ದರಿಯಾ ದೌಲತ್‌ನ ಗೋಡೆ ಮೇಲೆ ಆ ಯುದ್ಧ ಪೂರ್ತಿ ಬರೆದಿದ್ದಾರೆ, ಮಧ್ಯೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಕೂತಿದ್ದಾನೆ, ಸ್ಕೂಲಲ್ಲಿ ಪ್ರತಿ ವರ್ಷ ನಮ್ಮನ್ನ ಸಾಲಾಗಿ ನಿಲ್ಸಿ ತೋರಿಸ್ತಿದ್ರು. ಇಬ್ಬರ ಮನೆಗೂ ಮಧ್ಯೆ ಇಪ್ಪತ್ತು ಮೈಲಿ ಚಿಲ್ರೆ ಅಷ್ಟೆ.

ನಮ್ಮಾಕೆ ಕಮಾನಿಗೆ ಒರಗಿಕೊಂಡು ಕೊನೇ ಕೋಡುಬಳೆ ಮುರೀತಾ ಪೂರ್ತಿ ಕೇಳಿದ್ಲು, ಐದು ದಿನದಲ್ಲಿ ಮೊದಲನೇ ಸಲ. "ಅಲ್ಲಾ ಮಾರಾಯ್ರೆ, ಪಕ್ಕದೂರಿನವನ್ನ ಅಲ್ಲಿ ಬಿಟ್ಟು ಬಂದು, ಇಲ್ಲಿ ಬೆಟ್ಟದ್ ಮೇಲೆ ಬಾಗ್ಲು ಕಟ್ಕೊಂಡ್ನಾ? ಬೇಲಿ ಮನೆಯವ್ರಿಗೆ ದಿನಾ ಕಾಣೋಹಾಗೆ?"

"ಇಷ್ಟು ದೂರ ಕಾಣಲ್ಲ ಕಣೆ."

"ಮಂಜಿಲ್ದೇ ಇದ್ರೆ ಕಾಣ್ತಿತ್ತೋ ಏನೋ, ನಿಮಗೇನ್ ಗೊತ್ತು."

ಅಲ್ಲಿ ಸಿಗ್ನಲ್ ಚೆನ್ನಾಗಿತ್ತು. ಊರಲ್ಲಿ ರಾತ್ರಿ ಹತ್ತಾಗಿತ್ತು, ಅಪ್ಪ ಎದ್ದಿರ್ತಾರೆ ಅಂತ ವಿಡಿಯೋ ಕಾಲ್ ಮಾಡಿ ಬೇಲಿ, ಮನ್ರೋ, ನಾಗಪಟ್ಟಣಂ ಎಲ್ಲ ಹೇಳಿ ಫೋನನ್ನ ಬಾಗಿಲ ಕಡೆ ತಿರುಗಿಸಿದೆ. ಅಪ್ಪ ಕನ್ನಡಕ ಹಾಕ್ಕೊಂಡು ಹತ್ರ ತಂದು ನೋಡಿದ್ರು.

"ಏನೂ ಕಾಣ್ತಿಲ್ವಲ್ಲೋ, ಬರೀ ಬೆಳ್ಳಗಿದೆ. ಕ್ಯಾಮೆರಾ ಒರೆಸು."